ಸಸೆಕ್ಸ್‌ನ ನಾಲ್ಕೂವರೆ ಎಕರೆ ಕಾಡು: ಮರಕ್ಕಿಂತ ಮೊದಲು ದಾರಿ ನೋಡಿ

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು. ಹನ್ನೊಂದು ವರ್ಷದಿಂದ ಇಂಗ್ಲೆಂಡಿನ ಕ್ರಾಲಿಯಲ್ಲಿದ್ದೇವೆ. ಪೂರ್ವ ಸಸೆಕ್ಸ್‌ನ ಹಳ್ಳಿಯೊಂದರ ಪಕ್ಕ ನಾಲ್ಕೂವರೆ ಎಕರೆ ಮಿಶ್ರ ಕಾಡು ಮಾರಾಟಕ್ಕಿದೆ. 72,000 ಪೌಂಡ್ ಹೇಳುತ್ತಿದ್ದಾರೆ. ಓಕ್, ಆಶ್, ಹೇಝೆಲ್, ಚೆಸ್ಟ್‌ನಟ್, ಒಂದಿಷ್ಟು ಲಾರ್ಚ್ ಮತ್ತು ಡಗ್ಲಸ್ ಫರ್ ಇವೆಯಂತೆ. ಜಾಹೀರಾತಿನ ಫೋಟೊದಲ್ಲಿ ನೆಲವೆಲ್ಲ ನೀಲಿ ಹೂವು. ಸೆಪ್ಟೆಂಬರಿನ ಒಂದು ಭಾನುವಾರ ಹೋಗಿ ನೋಡಿದೆವು. ಒಳಗೆ ಸಣ್ಣ ಹಳ್ಳ ಇದೆ, ಅಲ್ಲಲ್ಲಿ ದುಂಡನೆಯ ಗುಂಡಿಗಳಿವೆ, ಒಂದು ಬದಿಗೆ ಊರಿನ ರಸ್ತೆ. ಮಕ್ಕಳಿಗೆ ಬಿಟ್ಟು ಬರುವ ಮನಸ್ಸೇ ಇರಲಿಲ್ಲ. ನನ್ನ ಪಾಲಿಗೆ ಬಂದ ಅಡಿಕೆ ತೋಟ ಮಾರಿದ ದುಡ್ಡು ಊರಿನ ಬ್ಯಾಂಕಿನಲ್ಲಿದೆ. ಅದನ್ನು ಇದಕ್ಕೆ ಹಾಕಬಹುದೇ? ಮುಂದೆ ಒಂದು ಸಣ್ಣ ಮನೆ ಕಟ್ಟಿಕೊಳ್ಳಲು ಆಗುತ್ತದೆಯೇ? ಮರ ಕಡಿಯುವ ಹಕ್ಕು ನಮಗಿರುತ್ತದೆಯೇ?

ಉತ್ತರ: ಮನೆಯ ಮಾತನ್ನು ಮೊದಲು ಮುಗಿಸಿಬಿಡೋಣ. ಆಗುವುದಿಲ್ಲ. ಈಗಲ್ಲ, ಹತ್ತು ವರ್ಷದ ಮೇಲೂ ಅಲ್ಲ. ಇಂಗ್ಲೆಂಡಿನಲ್ಲಿ ಕಾಡಿನೊಳಗೆ ವಾಸದ ಮನೆಗೆ ಪ್ಲಾನಿಂಗ್ ಅನುಮತಿ ಸಿಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ನೀವು ಹೇಳುವ ಜಾಗ ಹೈ ವೀಲ್ಡ್ ಸೀಮೆಯದು. ಅದು ಕಾನೂನಿನ ರಕ್ಷಣೆ ಇರುವ ಭೂದೃಶ್ಯ. ಫೋಟೊದ ಆ ನೀಲಿ ಹೂವಿನ (ಬ್ಲೂಬೆಲ್) ಹಾಸು ನೋಡಿದರೆ ಹಳೇ ಕಾಡೂ ಇರಬಹುದು. ಅಲ್ಲಿ ಮನೆ ಕಟ್ಟುವ ಆಸೆ ಇಟ್ಟುಕೊಂಡು ಕೊಂಡವರನ್ನು ನಾನು ಕಂಡಿದ್ದೇನೆ. ಮೂರು ವರ್ಷ ಕೌನ್ಸಿಲ್‌ಗೆ (ಇಲ್ಲಿನ ಸ್ಥಳೀಯ ಆಡಳಿತ) ಅಲೆದು, ಕೊನೆಗೆ ಕೊಂಡ ಬೆಲೆಗಿಂತ ಕಡಿಮೆಗೆ ಮಾರಿದರು. ಮನೆ ಆಗದಿದ್ದರೂ ಈ ಕಾಡು ಬೇಕು ಅನ್ನಿಸಿದರೆ ಮಾತ್ರ ಮುಂದೆ ಓದಿ.

ಬೇಕು ಅನ್ನಿಸಿದರೆ, ಕೊಳ್ಳಿ ಅಂತಲೇ ನನ್ನ ಸಲಹೆ. ಆದರೆ ಹೇಳಿದ ಬೆಲೆಗಲ್ಲ, ಈಗಿಂದೀಗಲೂ ಅಲ್ಲ.

ನಮ್ಮ ಮಲೆನಾಡಿನವರಿಗೆ ಇಲ್ಲಿ ಒಂದು ವಿಷಯ ವಿಚಿತ್ರವಾಗಿ ಕಾಣುತ್ತದೆ. ನಮ್ಮಲ್ಲಿ ಕಾಡು ಅಂದರೆ ಸರ್ಕಾರದ್ದು. ಹೆಚ್ಚೆಂದರೆ ಸೊಪ್ಪಿನ ಬೆಟ್ಟ, ಕಾನು ಅಂತ ಅನುಭೋಗದ ಹಕ್ಕು ಇರುತ್ತದೆ. ಇಂಗ್ಲೆಂಡಿನಲ್ಲಿ ಕಾಡಿನ ದೊಡ್ಡ ಪಾಲು ಖಾಸಗಿಯವರದು. ಮನೆ, ಗದ್ದೆ ಮಾರಿದ ಹಾಗೆ ಕಾಡನ್ನೂ ಮಾರುತ್ತಾರೆ. ನೀವು ಯಾವ ದೇಶದ ಪಾಸ್‌ಪೋರ್ಟಿನವರು ಅಂತ ಯಾರೂ ಕೇಳುವುದಿಲ್ಲ, ವಿದೇಶಿಯರೂ ಕೊಳ್ಳಬಹುದು. ದೊಡ್ಡ ಎಸ್ಟೇಟಿನ ಕಾಡನ್ನು ಕೊಂಡು, ನಾಲ್ಕೈದು ಎಕರೆಯ ತುಂಡು ಮಾಡಿ, ಒಂದೊಂದಕ್ಕೂ ಚೆಂದದ ಹೆಸರಿಟ್ಟು ಮಾರುವ ಕಂಪನಿಗಳೇ ಇವೆ. ತುಂಡು ಚಿಕ್ಕದಾದಷ್ಟೂ ಎಕರೆ ಬೆಲೆ ಜಾಸ್ತಿ. ನಿಮಗೆ ಎಕರೆಗೆ 16,000 ಪೌಂಡ್ ಬಿತ್ತು. ಇದು ಮರದ ಬೆಲೆ ಅಲ್ಲ, ಲಂಡನ್ನಿಗೆ ಹತ್ತಿರ ಇದ್ದುದಕ್ಕೆ ಮತ್ತು ಭಾನುವಾರದ ಖುಷಿಗೆ ಕೊಡುವ ಬೆಲೆ. ಅದರಲ್ಲಿ ತಪ್ಪೇನಿಲ್ಲ, ಗೊತ್ತಿದ್ದು ಕೊಡಬೇಕು ಅಷ್ಟೇ.

ಈಗ 'ಮಿಶ್ರ ಕಾಡು' ಅನ್ನುವ ಮಾತು. ಜಾಹೀರಾತಿನಲ್ಲಿ ಇದು ಹೊಗಳಿಕೆಯ ಹಾಗೆ ಕೇಳಿಸುತ್ತದೆ. ನಿಜಕ್ಕೂ ಅದರ ಹಿಂದೆ ಒಂದು ಕಥೆ ಇದೆ. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಬ್ರಿಟನ್ನಿನ ನೆಲದಲ್ಲಿ ಶೇಕಡಾ 5ರ ಆಸುಪಾಸು ಮಾತ್ರ ಕಾಡು ಉಳಿದಿತ್ತು. ಗಣಿಗೆ, ಕಂದಕಕ್ಕೆ ಮರ ಸಾಲದೆ ಹೋಗಿ, 1919ರಲ್ಲಿ ಫಾರೆಸ್ಟ್ರಿ ಕಮಿಷನ್ ಅನ್ನುವ ಸರ್ಕಾರಿ ಅರಣ್ಯ ಸಂಸ್ಥೆ ಹುಟ್ಟಿತು. ಬೇಗ ಬೆಳೆಯುವ ಸೂಜಿ ಎಲೆಯ ಮರಗಳನ್ನು ಎಲ್ಲೆಂದರಲ್ಲಿ ನೆಟ್ಟರು. ಎರಡನೇ ಯುದ್ಧದ ನಂತರವಂತೂ ಹಳೇ ಓಕ್ ಕಾಡುಗಳನ್ನೇ ಕಡಿದು ಲಾರ್ಚ್, ಡಗ್ಲಸ್ ಫರ್, ಸ್ಪ್ರೂಸ್ ಹಾಕಿದರು. ನಮ್ಮಲ್ಲಿ ಅಕೇಶಿಯಾ ಹಾಕಿದರಲ್ಲ, ಅದೇ ಬುದ್ಧಿ. 1985ರಲ್ಲಿ ನೀತಿ ಬದಲಾಗಿ ಅಗಲ ಎಲೆಯ ಮರಗಳಿಗೆ ಮತ್ತೆ ಬೆಲೆ ಬಂತು. ನಿಮ್ಮ ಕಾಡಿನ ಲಾರ್ಚ್ ಮರಗಳು ಸಾಲಾಗಿ, ಒಂದೇ ದೂರದಲ್ಲಿ ನಿಂತಿವೆಯೇ ಅಂತ ನೋಡಿ. ಹಾಗಿದ್ದರೆ ಅವು ನೆಟ್ಟವು. ಅವುಗಳ ಬುಡದಲ್ಲೂ ನೀಲಿ ಹೂವು ಇದ್ದರೆ, ಕೆಳಗೆ ಹಳೇ ಕಾಡಿನ ಮಣ್ಣು ಇನ್ನೂ ಬದುಕಿದೆ ಅಂತ ಅರ್ಥ.

'ಹಳೇ ಕಾಡು' ಅನ್ನುವುದಕ್ಕೆ ಇಂಗ್ಲೆಂಡಿನಲ್ಲಿ ಒಂದು ಲೆಕ್ಕ ಇದೆ. 1600ರಿಂದ ಈಚೆಗೆ ಬಿಡದೆ ಕಾಡಾಗಿಯೇ ಉಳಿದ ನೆಲ ಅಂತ ಲೆಕ್ಕ. ಮೇಲಿನ ಮರ ಹಳೇದಿರಬೇಕು ಅಂತಿಲ್ಲ, ನೆಲ ಹಳೇದಿರಬೇಕು. ಮರ ಕಡಿದು ಫರ್ ನೆಟ್ಟ ಹಳೇ ಕಾಡಿಗೂ ಈ ಲೆಕ್ಕದಲ್ಲಿ ಜಾಗ ಇದೆ. ಸರ್ಕಾರದ 'ಮ್ಯಾಜಿಕ್' ಅನ್ನುವ ನಕ್ಷೆಯಲ್ಲಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಇವತ್ತೇ ನೋಡಿ. ಅದೇ ನಕ್ಷೆಯಲ್ಲಿ ಆ ಜಾಗ ವಿಶೇಷ ವೈಜ್ಞಾನಿಕ ಮಹತ್ವದ ತಾಣವೇ ಅಂತಲೂ ಗೊತ್ತಾಗುತ್ತದೆ. ಹೌದಾದರೆ ಕೊಂಬೆ ಕಡಿಯುವುದಕ್ಕೂ ಪ್ರಕೃತಿ ರಕ್ಷಣೆ ನೋಡುವ ನ್ಯಾಚುರಲ್ ಇಂಗ್ಲೆಂಡ್ ಸಂಸ್ಥೆಯ ಒಪ್ಪಿಗೆ ಕೇಳಬೇಕಾಗಿ ಬರಬಹುದು. ಅಷ್ಟು ತಲೆನೋವು ಮೊದಲ ಸಲ ಕೊಳ್ಳುವವರಿಗೆ ಬೇಡ.

ಆ ದುಂಡನೆಯ ಗುಂಡಿಗಳ ಬಗ್ಗೆ ಬರೆದಿದ್ದೀರಿ. ಪತ್ರದಲ್ಲಿ ನನಗೆ ಬಹಳ ಇಷ್ಟವಾದ ಮಾತು ಅದೇ. ವೀಲ್ಡ್ ಸೀಮೆ ಒಂದು ಕಾಲಕ್ಕೆ ಇಂಗ್ಲೆಂಡಿನ ಕಬ್ಬಿಣದ ಊರು. ರೋಮನ್ನರ ಕಾಲದಲ್ಲೂ ಅಲ್ಲಿ ಕಬ್ಬಿಣ ಕರಗಿಸುತ್ತಿದ್ದರು. ದೇಶದ ಮೊದಮೊದಲ ಊದುಕುಲುಮೆಗಳಲ್ಲೊಂದು 1496ರಲ್ಲಿ ಅಲ್ಲೇ, ಆಶ್‌ಡೌನ್ ಕಾಡಿನ ನ್ಯೂಬ್ರಿಜ್‌ನಲ್ಲಿ ಹತ್ತಿತು. ಅದಿರಿಗೆ ಅಗೆದ ಸಣ್ಣ ಗುಂಡಿಗಳು ಇವತ್ತಿಗೂ ಕಾಡಿನೊಳಗೆ ನೀರು ತುಂಬಿಕೊಂಡು ಕೂತಿವೆ. ನಿಮ್ಮವು ಅಂಥವೇ ಇರಬಹುದು. ಕೆಲವು ಕಡೆ ಹೊಲಕ್ಕೆ ಮಣ್ಣು ತೆಗೆದ ಗುಂಡಿಗಳೂ ಇವೆ. ಕುಲುಮೆಗೆ ಇದ್ದಿಲು ಬೇಕು, ಇದ್ದಿಲಿಗೆ ಕಾಡು ಬೇಕು. ಹಾಗಾಗಿ ಆ ಸೀಮೆಯವರು ಕಾಡನ್ನು ಬೋಳಿಸಿ ಮುಗಿಸಲಿಲ್ಲ, ಸರದಿಯ ಮೇಲೆ ಕಡಿದು ಉಳಿಸಿಕೊಂಡರು. ಮಕ್ಕಳನ್ನು ಮಾತ್ರ ಆ ಗುಂಡಿಗಳಿಂದ ದೂರ ಇಡಿ. ಎಲೆ ಮುಚ್ಚಿದ ನೀರು, ಎಷ್ಟು ಆಳ ಅಂತ ತಿಳಿಯುವುದಿಲ್ಲ.

ಸರದಿಯ ಮೇಲೆ ಕಡಿಯುವುದು ಅಂದೆ. ಕಬ್ಬಿನ ಕೂಳೆ ಬೆಳೆ ನಿಮಗೆ ಗೊತ್ತಲ್ವಾ? ಕಡಿದ ಬುಡದಿಂದಲೇ ಮತ್ತೆ ಚಿಗುರಿಸುವುದು. ಇಲ್ಲಿ ಹೇಝೆಲ್ ಮತ್ತು ಚೆಸ್ಟ್‌ನಟ್ ಮರಗಳನ್ನು ಅದೇ ರೀತಿ ಬೆಳೆಸುತ್ತಾರೆ. ಹೇಝೆಲ್ಲನ್ನು ಏಳರಿಂದ ಹತ್ತು ವರ್ಷಕ್ಕೊಮ್ಮೆ, ಚೆಸ್ಟ್‌ನಟ್ಟನ್ನು ಸುಮಾರು ಹದಿನೈದು ವರ್ಷಕ್ಕೊಮ್ಮೆ ನೆಲಮಟ್ಟಕ್ಕೆ ಕಡಿಯುತ್ತಾರೆ. ಒಂದು ಬುಡದಿಂದ ಹತ್ತಾರು ಕಾಂಡ ಎದ್ದು ಬಿದಿರು ಮೆಳೆಯ ಹಾಗೆ ಕಾಣುತ್ತದೆ. ಅಂಥ ಬುಡಗಳು ನೂರಾರು ವರ್ಷ ಬದುಕುತ್ತವೆ. ನಿಮ್ಮ ಕಾಡಿನಲ್ಲಿ ಹೇಝೆಲ್ ಕಾಂಡಗಳು ತೋಳಿನಷ್ಟು ದಪ್ಪವಾಗಿ ಹೊರಕ್ಕೆ ಬಾಗಿ ಬಿದ್ದಿದ್ದರೆ, ಮೂವತ್ತು-ನಲವತ್ತು ವರ್ಷದಿಂದ ಯಾರೂ ಕತ್ತಿ ಹಾಕಿಲ್ಲ ಅಂತ ತಿಳಿಯಿರಿ. ಹೆದರಬೇಡಿ, ಅದೇ ನಿಮಗೆ ಸಿಗುವ ಒಳ್ಳೆಯ ಕೆಲಸ. ಒಂದು ಚಳಿಗಾಲಕ್ಕೆ ಕಾಲು ಎಕರೆ ಕಡಿದರೆ ಸಾಕು. ಬೆಳಕು ಬಿದ್ದ ಜಾಗದಲ್ಲಿ ಎರಡನೇ ವಸಂತಕ್ಕೆ ಹೂವು ಹೇಗೆ ನುಗ್ಗಿ ಬರುತ್ತದೆ ನೋಡಿ.

ಆದರೆ ಆ ಚಿಗುರಿಗೆ ಜಿಂಕೆ ಕಾಯುತ್ತಿರುತ್ತದೆ. ಸಸೆಕ್ಸ್‌ನಲ್ಲಿ ರೋ, ಫಾಲೋ ಜಿಂಕೆಗಳು ವಿಪರೀತ. ಚೀನಾದಿಂದ ತಂದ ಮುಂಟ್‌ಜ್ಯಾಕ್ ಕೂಡ ಇದೆ. ಕಾಡಿನೊಳಗೆ ನಿಂತು ನೋಡಿ. ನಿಮ್ಮ ಎದೆಮಟ್ಟದಿಂದ ಕೆಳಗೆ ಯಾವ ಎಲೆಯೂ ಇಲ್ಲದೆ, ಕತ್ತರಿ ಹಾಕಿದ ಹಾಗೆ ಬೋಳಾಗಿದ್ದರೆ ಜಿಂಕೆ ಮೇಯುವ ಗೆರೆ ಅದು. ಸೆಪ್ಟೆಂಬರಿನಲ್ಲಿ ನಿಮಗೆ ಕಾಡು 'ಎಷ್ಟು ತೆರವಾಗಿದೆ, ಓಡಾಡಲು ಚೆನ್ನಾಗಿದೆ' ಅನ್ನಿಸಿರಬಹುದು. ಸಸಿಯೇ ಏಳದ ಕಾಡು ಹಾಗೇ ಕಾಣುವುದು. ಕಡಿದ ಬುಡಗಳಿಗೆ ಬೇಲಿ ಹಾಕಬೇಕು, ಇಲ್ಲವೇ ಅದೇ ಕೊಂಬೆಗಳನ್ನು ರಾಶಿ ಹೊದಿಸಿ ಮುಚ್ಚಬೇಕು. ಇನ್ನು ಬೂದು ಅಳಿಲು. 1876ರಲ್ಲಿ ಯಾರೋ ಶೋಕಿಗೆ ಅಮೆರಿಕದಿಂದ ತಂದು ಚೆಶೈರ್‌ನಲ್ಲಿ ಬಿಟ್ಟರಂತೆ. ಈಗ ಓಕ್, ಬೀಚ್ ಮರಗಳ ತೊಗಟೆ ಸುಲಿದು ಸಾಯಿಸುತ್ತಿದೆ. ಊರಿನಲ್ಲಿ ಮಂಗನ ಜೊತೆ ಏಗಿದವರಿಗೆ ಇದು ಹೊಸದಲ್ಲ.

ಈಗ ಬೆಲೆ ಇಳಿಸುವ ಮಾತಿಗೆ ಬರೋಣ. ಅದು ಆಶ್ ಮರದ ವಿಷಯ.

ಆಶ್ ಮರಕ್ಕೆ ಬ್ರಿಟನ್ನಿನಲ್ಲಿ 2012ರಲ್ಲಿ ಒಂದು ಶಿಲೀಂಧ್ರ ರೋಗ ಪತ್ತೆಯಾಯಿತು. ತುದಿಯಿಂದ ಒಣಗುತ್ತಾ ಬರುತ್ತದೆ. ಈಗ ಅದು ಇಲ್ಲದ ಕೌಂಟಿಯೇ ಇಲ್ಲ. ಹೆಚ್ಚಿನ ಆಶ್ ಮರಗಳು ಸಾಯುತ್ತವೆ ಅಂತ ಲೆಕ್ಕ ಹಾಕಿಯೇ ನೀವು ಕೊಳ್ಳಬೇಕು. ಕಾಡಿನ ನಡುವೆ ಸತ್ತ ಮರ ನಿಂತರೆ ತೊಂದರೆ ಇಲ್ಲ, ಮರಕುಟಿಗಕ್ಕೆ ಒಳ್ಳೆಯದೇ. ತೊಂದರೆ ಇರುವುದು ನೀವು ಹೇಳಿದ 'ಒಂದು ಬದಿಗೆ ಊರಿನ ರಸ್ತೆ' ಅನ್ನುವ ಕಡೆ. ರಸ್ತೆಗೆ ಬಾಗಿದ ಮರ ಬಿದ್ದು ಯಾರಿಗಾದರೂ ಪೆಟ್ಟಾದರೆ ಜವಾಬ್ದಾರಿ ಮಾಲೀಕರ ಮೇಲೆ ಬರಬಹುದು. ರೋಗ ಹತ್ತಿದ ಆಶ್ ಒಣಗಿದ ರೊಟ್ಟಿಯ ಹಾಗೆ ಪಟಕ್ಕನೆ ಮುರಿಯುತ್ತದೆ. ಅದಕ್ಕೇ ಮರ ಹತ್ತುವವರು ಹತ್ತುವುದಿಲ್ಲ, ಯಂತ್ರ ತರಬೇಕು, ರಸ್ತೆ ಮುಚ್ಚಿಸಬೇಕು. ಒಂದೊಂದು ಮರಕ್ಕೂ ನೂರಾರು ಪೌಂಡ್ ಖರ್ಚು. ಸೌದೆ ಮಾರಿ ಆ ಖರ್ಚು ಹುಟ್ಟುವುದಿಲ್ಲ.

ಚಳಿಗಾಲದಲ್ಲಿ ಎಲೆ ಇಲ್ಲದಿದ್ದರೂ ಆಶ್ ಗುರುತಿಸುವುದು ಸುಲಭ. ಕೆಳಗಿನ ಒಂದು ರೆಂಬೆಯನ್ನು ಎಳೆದು ತುದಿ ನೋಡಿ. ಮೊಗ್ಗು ಕಾಳುಮೆಣಸಿನ ಹಾಗೆ ಕಪ್ಪಗಿರುತ್ತದೆ. ಇಲ್ಲಿನ ಬೇರೆ ಯಾವ ಕಾಡುಮರಕ್ಕೂ ಅಂಥ ಕಪ್ಪು ಮೊಗ್ಗು ಇಲ್ಲ. ಕಾಂಡದ ಮೇಲೆ, ಕೊಂಬೆ ಒಡೆದ ಕಡೆ, ವಜ್ರದ ಆಕಾರದಲ್ಲಿ ಗುಳಿ ಬಿದ್ದ ಗಾಯ ಇದ್ದರೆ ರೋಗ ಇದೆ ಅಂತಲೇ. ಒಂದು ಸೀಮೆಸುಣ್ಣ ಹಿಡಿದುಕೊಂಡು ಹೋಗಿ, ರಸ್ತೆಯಿಂದ ಇಪ್ಪತ್ತೈದು ಮೀಟರ್ ಒಳಗಿರುವ ಆಶ್ ಮರಗಳನ್ನೆಲ್ಲ ಗುರುತು ಹಾಕಿ ಎಣಿಸಿ. ಈ ಒಂದು ಸಂಖ್ಯೆ ಸಿಕ್ಕರೆ ಬೆಲೆ ಇಳಿಸುವ ಮಾತು ನಿಮ್ಮ ಕೈಯಲ್ಲಿರುತ್ತದೆ. ಎಣಿಸುವ ಕೆಲಸ ಮಕ್ಕಳಿಗೆ ಕೊಡಿ, ಚೆನ್ನಾಗಿ ಮಾಡುತ್ತಾರೆ.

ಲಾರ್ಚ್‌ಗೂ ಒಂದು ರೋಗ ಇದೆ. 2009ರಿಂದ ಇಂಗ್ಲೆಂಡಿನ ನೈಋತ್ಯದಲ್ಲಿ ಶುರುವಾಯಿತು. ಅದು ಕಂಡರೆ ಸರ್ಕಾರದಿಂದ ನೋಟಿಸು ಬರುತ್ತದೆ, ಆ ಮರಗಳನ್ನು ಕಡಿಯಲೇಬೇಕು. ನಿಮ್ಮಲ್ಲಿ ಒಂದಿಷ್ಟೇ ಇರುವುದರಿಂದ ದೊಡ್ಡ ಭಯ ಬೇಡ. ಸೆಪ್ಟೆಂಬರಿನಲ್ಲಿ ಸೂಜಿ ಎಲೆಗಳು ಹಸಿರಾಗಿದ್ದವೇ, ತುದಿ ಬೋಳಾಗಿತ್ತೇ ಅಂತ ನಿಮ್ಮ ಫೋಟೊಗಳಲ್ಲಿ ಒಮ್ಮೆ ನೋಡಿಕೊಳ್ಳಿ.

ಇಷ್ಟೆಲ್ಲ ಮರದ ಮಾತು. ಆದರೆ ಹದಿನೆಂಟು ವರ್ಷ ಇಲ್ಲಿನ ಸಣ್ಣ ಕಾಡುಗಳಲ್ಲಿ ಓಡಾಡಿ ನಾನು ಕಲಿತದ್ದು, ಜನ ಮೋಸ ಹೋಗುವುದು ಮರದಲ್ಲಿ ಅಲ್ಲ, ದಾರಿಯಲ್ಲಿ. ನಾನೇ ಒಮ್ಮೆ ಸಿಕ್ಕಿಬಿದ್ದಿದ್ದೇನೆ. ಶಿರಸಿಯ ಅರಣ್ಯ ಕಾಲೇಜಿನಲ್ಲಿ ಓದಿ ಬಂದವನು ನಾನು, ಮರ ಕಂಡರೆ ಮೈಮರೆಯುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಕುಟುಂಬ ಕರೆಯಿತು. ಆರು ಎಕರೆ ಓಕ್ ಕಾಡು, ಹರಾಜಿಗೆ ಬಂದಿತ್ತು. ನಾನು ಎರಡು ಗಂಟೆ ತಿರುಗಿ, ಮರಗಳ ಸುತ್ತಳತೆ ಹಿಡಿದು, 'ಕಣ್ಣು ಮುಚ್ಚಿ ತಗೊಳ್ಳಿ' ಅಂದೆ. ತಗೊಂಡರು. ಇಲ್ಲಿ ಹರಾಜಿನಲ್ಲಿ ಸುತ್ತಿಗೆ ಬಿದ್ದ ಗಳಿಗೆಗೇ ಒಪ್ಪಂದ ಆದ ಹಾಗೆ. ಹತ್ತು ಪರ್ಸೆಂಟ್ ಅಲ್ಲೇ ಕಟ್ಟಬೇಕು, ಉಳಿದದ್ದಕ್ಕೆ ಸಾಮಾನ್ಯವಾಗಿ 28 ದಿನ. ಆಮೇಲೆ ಗೊತ್ತಾಯಿತು. ಡಾಂಬರು ರಸ್ತೆಯಿಂದ ಕಾಡಿಗೆ ಹೋಗುವ ಮಣ್ಣು ದಾರಿಯಲ್ಲಿ ಕೊನೆಯ ಒಂಬತ್ತು ಮೀಟರ್ ಪಕ್ಕದ ರೈತನದು. ಆ ಒಂಬತ್ತು ಮೀಟರಿನ ಮೇಲೆ ನಮ್ಮವರಿಗೆ ಯಾವ ಹಕ್ಕೂ ಇರಲಿಲ್ಲ. ಹಿಂದಿನ ಮಾಲೀಕರು ಮತ್ತು ರೈತ ಗೆಳೆಯರು, ಬಾಯಿ ಮಾತಿನಲ್ಲಿ ನಡೆಯುತ್ತಿತ್ತು. ಹೊಸಬರು ಬಂದ ವಾರಕ್ಕೆ ಆತ ಗೇಟಿಗೆ ಬೀಗ ಹಾಕಿದ. ಕೊನೆಗೆ ಆ ಒಂಬತ್ತು ಮೀಟರಿಗೆ ಒಂದು ಒಳ್ಳೆಯ ಕಾರಿನಷ್ಟು ದುಡ್ಡು ಹೋಯಿತು. ತಪ್ಪು ನನ್ನದೂ ಹೌದು. ನಕ್ಷೆ ನೋಡಿ ಅಂತ ನಾನು ಹೇಳಬೇಕಿತ್ತು.

ಆವತ್ತಿನಿಂದ ನಾನು ಕಾಡಿಗೆ ಹೋಗುವ ಮೊದಲು ಕಾಗದ ನೋಡುತ್ತೇನೆ. ಲ್ಯಾಂಡ್ ರಿಜಿಸ್ಟ್ರಿಯಿಂದ ಆ ಜಾಗದ ದಾಖಲೆ ಮತ್ತು ನಕ್ಷೆಯನ್ನು ಕೆಲವೇ ಪೌಂಡ್ ಕೊಟ್ಟು ಯಾರು ಬೇಕಾದರೂ ತರಿಸಬಹುದು, ನಮ್ಮ ಪಹಣಿಯ ಹಾಗೆ. ನಕ್ಷೆಯಲ್ಲಿ ಕೆಂಪು ಗೆರೆ ನಿಮ್ಮ ಜಾಗ. ದಾರಿಯ ಹಕ್ಕು ಇದ್ದರೆ ಅದನ್ನು ಸಾಮಾನ್ಯವಾಗಿ ಬೇರೆ ಬಣ್ಣದಲ್ಲಿ ತೋರಿಸಿರುತ್ತಾರೆ. ಆ ಬಣ್ಣ ಡಾಂಬರು ರಸ್ತೆಯನ್ನೂ ಮುಟ್ಟಬೇಕು, ಕೆಂಪು ಗೆರೆಯನ್ನೂ ಮುಟ್ಟಬೇಕು. ನಡುವೆ ಎಳೆಯಷ್ಟು ಬಿಳಿ ಕಂಡರೂ ನಿಲ್ಲಿ. ಆಮೇಲೆ ಒಕ್ಕಣೆ ಓದಿ. ದಾರಿ 'ಎಲ್ಲ ಉದ್ದೇಶಕ್ಕೆ' ಅಂತಿದೆಯೇ, 'ಅರಣ್ಯ ಕೆಲಸಕ್ಕೆ ಮಾತ್ರ' ಅಂತಿದೆಯೇ? ಎರಡನೆಯದಾದರೆ ಮಕ್ಕಳನ್ನು ಕರೆದುಕೊಂಡು ಪಿಕ್‌ನಿಕ್‌ಗೆ ಹೋಗುವುದಕ್ಕೂ ತಕರಾರು ತೆಗೆಯುವ ನೆರೆಯವರು ಇರುತ್ತಾರೆ. ವಾಹನಕ್ಕೆ ಹಕ್ಕಿದೆಯೇ, ನಡೆಯಲು ಮಾತ್ರವೇ? ದಾರಿಯ ರಿಪೇರಿ ಖರ್ಚಿನಲ್ಲಿ ನಿಮ್ಮ ಪಾಲೆಷ್ಟು? ಊರಿನ ರಸ್ತೆ ಕಾಡಿಗೆ ತಾಗಿಯೇ ಇದೆ ಅಂದಿರಿ. ಆದರೆ ತಾಗಿದ ಮಾತ್ರಕ್ಕೆ ಅಲ್ಲಿ ಗೇಟು ಇದೆ ಅಂತಲ್ಲ. ವೀಲ್ಡ್‌ನ ಓಣಿಗಳು ಗುಂಡಿಯ ಹಾಗೆ ಕೆಳಗಿರುತ್ತವೆ, ದಂಡೆ ಕಡಿದು ಹೊಸ ದಾರಿ ತೆಗೆಯಲು ಸುಲಭಕ್ಕೆ ಬಿಡುವುದಿಲ್ಲ.

ಅದೇ ದಾಖಲೆಯಲ್ಲಿ ಇನ್ನೂ ಕೆಲವು ಮಾತು ಅಡಗಿರುತ್ತವೆ. ಬೇಟೆಯ ಹಕ್ಕನ್ನು ಹಳೇ ಎಸ್ಟೇಟಿನವರು ತಮ್ಮಲ್ಲೇ ಇಟ್ಟುಕೊಂಡಿರಬಹುದು. ಆಗ ನಿಮ್ಮ ಕಾಡಿಗೆ ಬಂದೂಕು ಹಿಡಿದು ಬರುವ ಹಕ್ಕು ಬೇರೆಯವರಿಗಿರುತ್ತದೆ. ಕಾಡನ್ನು ತುಂಡು ಮಾಡಿ ಮಾರುವವರು ಷರತ್ತು ಹಾಕಿರುತ್ತಾರೆ: ವಾಸ ಮಾಡಬಾರದು, ಮೋಟಾರ್ ಬೈಕ್ ಓಡಿಸಬಾರದು, ಮತ್ತೆ ತುಂಡು ಮಾಡಬಾರದು ಅಂತ. ಈ ಷರತ್ತುಗಳು ಕಿರಿಕಿರಿ ಅನ್ನಿಸಿದರೂ ನನಗೆ ಇಷ್ಟ. ಪಕ್ಕದ ತುಂಡು ಕೊಂಡವರಿಗೂ ಅವೇ ಅನ್ವಯ ಆಗುತ್ತವಲ್ಲ. ಸಾರ್ವಜನಿಕರ ಕಾಲುದಾರಿ ಒಳಗೆ ಹಾದು ಹೋಗಿದೆಯೇ ಅಂತ ಕೌಂಟಿ ಕೌನ್ಸಿಲ್‌ನ ನಕ್ಷೆಯಲ್ಲಿ ನೋಡಿ. ಹೋಗಿದ್ದರೆ ಅದನ್ನು ಮುಚ್ಚುವ ಹಾಗಿಲ್ಲ. ನಾಯಿ ಹಿಡಿದುಕೊಂಡು ದಿನಾ ಜನ ಬರುತ್ತಾರೆ. ಮರ ಬಿದ್ದರೆ ಅಂತ ವಿಮೆಯೂ ಬೇಕು. ಸಾರ್ವಜನಿಕ ಹೊಣೆಯ ವಿಮೆ ಸಣ್ಣ ಕಾಡಿಗೆ ಅಂಥ ದುಬಾರಿಯಲ್ಲ.

ಮರ ಕಡಿಯುವ ಹಕ್ಕು ಕೇಳಿದಿರಿ. ನಿಮ್ಮದೇ ಮರ, ಆದರೂ 1967ರ ಫಾರೆಸ್ಟ್ರಿ ಕಾಯ್ದೆ ಇದೆ. ವರ್ಷದ ಒಂದೊಂದು ಮೂರು ತಿಂಗಳಿಗೆ 5 ಘನ ಮೀಟರ್‌ವರೆಗೆ ಲೈಸೆನ್ಸ್ ಇಲ್ಲದೆ ಕಡಿಯಬಹುದು. ಅದರಲ್ಲಿ 2 ಘನ ಮೀಟರ್‌ಗಿಂತ ಜಾಸ್ತಿ ಮಾರುವ ಹಾಗಿಲ್ಲ. ಎದೆಮಟ್ಟದಲ್ಲಿ ಎರಡಡಿ ದಪ್ಪ ಇರುವ ಒಂದು ಓಕ್ ಹತ್ತಿರ ಹತ್ತಿರ 2 ಘನ ಮೀಟರ್ ಆಗುತ್ತದೆ, ಲೆಕ್ಕಕ್ಕೆ ಇಟ್ಟುಕೊಳ್ಳಿ. ಒಂದು ಮನೆಯ ಒಲೆಗೆ ಇದು ಬೇಕಾದಷ್ಟಾಯಿತು. ಕೂಳೆ ಬುಡದ ಕಾಂಡಗಳು 15 ಸೆಂಟಿಮೀಟರ್‌ಗಿಂತ ಸಣ್ಣವಿದ್ದರೆ ಲೈಸೆನ್ಸೇ ಬೇಡ. ಅದಕ್ಕಿಂತ ಹೆಚ್ಚು ಕಡಿಯಬೇಕು ಅಂದರೆ ಫಾರೆಸ್ಟ್ರಿ ಕಮಿಷನ್‌ಗೆ ಅರ್ಜಿ ಹಾಕಬೇಕು, ಶುಲ್ಕ ಇಲ್ಲ. ಲೈಸೆನ್ಸ್ ಬೇಕಿದ್ದಲ್ಲಿ ಇಲ್ಲದೆ ಕಡಿದರೆ ದಂಡಕ್ಕೆ ಈಗ ಮಿತಿಯೇ ಇಲ್ಲ. ಕೌನ್ಸಿಲ್ ಕೆಲವು ಮರಗಳಿಗೆ ರಕ್ಷಣೆಯ ಆದೇಶ ಹಾಕಿರಬಹುದು, ಅದನ್ನೂ ಕೇಳಿ. ಹಕ್ಕಿ ಗೂಡು ಕಟ್ಟುವ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಗರಗಸ ಮುಟ್ಟದಿರುವುದೇ ಒಳ್ಳೆಯದು. ಹೇಝೆಲ್ ಇರುವ ಕಡೆ ಡಾರ್ಮೌಸ್ ಅನ್ನುವ ಪುಟ್ಟ ಇಲಿಯಂಥ ಪ್ರಾಣಿ ಇರುತ್ತದೆ, ಹೆಬ್ಬೆರಳಿನಷ್ಟು. ಅದಕ್ಕೂ ಬಾವಲಿಗೂ ಇರುವ ಕಾನೂನು ಬಹಳ ಬಿಗಿ.

ಚೈನ್ ಸಾ ಒಂದು ಕೊಂಡು ನಿಮ್ಮ ಯಜಮಾನರು ಯೂಟ್ಯೂಬ್ ನೋಡಿ ಶುರು ಮಾಡುವುದು ಬೇಡ, ದಯವಿಟ್ಟು. ಎರಡು ದಿನದ ತರಬೇತಿ ಎಲ್ಲ ಕೌಂಟಿಯಲ್ಲೂ ಸಿಗುತ್ತದೆ. ಹೇಝೆಲ್‌ಗೆ ಕೈಗರಗಸ ಸಾಕು. ಊರಿನ ಕತ್ತಿ ಇದ್ದರೆ ಇನ್ನೂ ಚೆನ್ನ. ಇಲ್ಲಿ ಬೇಲಿ ಕೆಲಸದವರು ಬಳಸುವ ಬಿಲ್‌ಹುಕ್ ನಮ್ಮ ಬಾಗುಗತ್ತಿಯ ತಮ್ಮನ ಹಾಗೇ ಇದೆ.

ಟೆಂಟ್ ಹಾಕಬಹುದು. ವರ್ಷಕ್ಕೆ 28 ದಿನದವರೆಗೆ ತಾತ್ಕಾಲಿಕ ಬಳಕೆಗೆ ಸಾಮಾನ್ಯವಾಗಿ ಅನುಮತಿ ಬೇಡ. ಕೆಲವು ಕಾಡುಗಳಲ್ಲಿ ಕೌನ್ಸಿಲ್ ಈ ಸವಲತ್ತನ್ನೂ ತೆಗೆದಿರುತ್ತದೆ, ಹಾಗಾಗಿ ವಕೀಲರಿಂದ ಕೇಳಿಸಿ. ಸಾಮಾನು ಇಡಲು ಸಣ್ಣ ಶೆಡ್ ಬೇಕೆಂದರೆ ಕೌನ್ಸಿಲ್‌ಗೆ ಮೊದಲೇ ತಿಳಿಸಿ 28 ದಿನ ಕಾಯಬೇಕು. ಕಾಡಿನ ಕೆಲಸಕ್ಕೆ ಅದು ಬೇಕೇ ಬೇಕು ಅಂತ ತೋರಿಸಬೇಕು. ನಾಲ್ಕೂವರೆ ಎಕರೆಗೆ ಎರಡು ಕೋಣೆಯ 'ಶೆಡ್', ಕಿಟಕಿಗೆ ಪರದೆ ಅಂತ ಬರೆದರೆ ಅವರಿಗೂ ಅರ್ಥ ಆಗುತ್ತದೆ.

ದುಡ್ಡಿನ ಲೆಕ್ಕ ಹೇಳುತ್ತೇನೆ. ಕಾಡಿಗೆ ಬ್ಯಾಂಕುಗಳು ಮನೆ ಸಾಲದ ಹಾಗೆ ಸಾಲ ಕೊಡುವುದಿಲ್ಲ, ಕೈಯಲ್ಲಿ ದುಡ್ಡು ಇರಬೇಕು. ಸ್ಟ್ಯಾಂಪ್ ಡ್ಯೂಟಿ ಬರುವುದಿಲ್ಲ, ವಾಸಕ್ಕಲ್ಲದ ಜಾಗಕ್ಕೆ 1,50,000 ಪೌಂಡ್‌ವರೆಗೆ ಸೊನ್ನೆ. ಊರಿನ ತೋಟ ಮಾರಿದ ದುಡ್ಡನ್ನು ಎನ್‌ಆರ್‌ಒ ಖಾತೆಯಿಂದ (ಅನಿವಾಸಿಗಳಿಗೆ ಊರಿನ ಬ್ಯಾಂಕಿನಲ್ಲಿರುವ ರೂಪಾಯಿ ಖಾತೆ) ವರ್ಷಕ್ಕೆ ಹತ್ತು ಲಕ್ಷ ಡಾಲರ್‌ವರೆಗೆ ತರಬಹುದು, ತೆರಿಗೆ ಕಟ್ಟಿ, ಚಾರ್ಟರ್ಡ್ ಅಕೌಂಟೆಂಟ್ ಸರ್ಟಿಫಿಕೇಟ್ ಜೊತೆ. ಆದರೆ ಇಲ್ಲಿನ ಸಾಲಿಸಿಟರ್, ಅಂದರೆ ಆಸ್ತಿ ಕಾಗದ ನೋಡುವ ವಕೀಲರು, ದುಡ್ಡು ಎಲ್ಲಿಂದ ಬಂತು ಅಂತ ಕೇಳಿಯೇ ಕೇಳುತ್ತಾರೆ. ಕ್ರಯಪತ್ರ ಕನ್ನಡದಲ್ಲಿರುತ್ತದೆ, ಪಾಲುಪತ್ರವೂ ಕನ್ನಡದಲ್ಲಿರುತ್ತದೆ. ಈಗಲೇ ಅನುವಾದ ಮಾಡಿಸಿ, ದೃಢೀಕರಿಸಿ ಇಟ್ಟುಕೊಳ್ಳಿ. ಇದೊಂದರಿಂದಲೇ ಆರು ವಾರ ತಡವಾಗಿ ಕಾಡು ಬೇರೆಯವರ ಪಾಲಾಗಿದ್ದು ನನಗೆ ಗೊತ್ತಿದೆ. ಪೇಟೆಯ ಫ್ಲ್ಯಾಟ್ ನೋಂದಣಿ ಮಾಡುವ ಸಾಲಿಸಿಟರ್ ಬೇಡ, ಹೊಲ-ಕಾಡು ನೋಡುವವರನ್ನೇ ಹಿಡಿಯಿರಿ.

ಆದಾಯ? ನಿಮ್ಮದು 1.8 ಹೆಕ್ಟೇರ್. ಅಗಲ ಎಲೆಯ ಕಾಡು ಹೆಕ್ಟೇರಿಗೆ ವರ್ಷಕ್ಕೆ ನಾಲ್ಕರಿಂದ ಆರು ಘನ ಮೀಟರ್ ಬೆಳೆದರೆ ದೊಡ್ಡದು. ಮನೆಗೆ ಸೌದೆ, ಹೇಝೆಲ್ ಕಡ್ಡಿ ಮಾರಿದ ಚಿಲ್ಲರೆ, ಅಷ್ಟೇ. ಸೌದೆಯನ್ನು ಸಣ್ಣ ಲೋಡಿನಲ್ಲಿ ಮಾರಬೇಕಾದರೆ 2021ರಿಂದ ತೇವಾಂಶ ಶೇಕಡಾ 20ಕ್ಕಿಂತ ಜಾಸ್ತಿ ಇರಬಾರದು ಅನ್ನುವ ನಿಯಮವೂ ಇದೆ. ಲಾಭದ ದೃಷ್ಟಿಯಿಂದಾದರೆ ಅಡಿಕೆ ತೋಟ ಮಾರಿದ್ದೇ ತಪ್ಪು ಅಂತ ನಿಮ್ಮ ತಂದೆಯವರು ಹೇಳಬಹುದು, ನಾನು ವಾದ ಮಾಡುವುದಿಲ್ಲ.

ಮಲೆನಾಡಿನವರಿಗೆ ಹೇಳಲೇಬೇಕಾದ ಒಂದು ಎಚ್ಚರಿಕೆ, ಉಣುಗು. ಕ್ಯಾಸನೂರಿನ ಕಾಯಿಲೆ ಕೇಳಿ ಬೆಳೆದವರು ನೀವು. ಇಲ್ಲಿನ ಉಣುಗು ಬೇರೆ ರೋಗ ತರುತ್ತದೆ, ಲೈಮ್ ಅಂತ. ಕಾಡಿನಿಂದ ಬಂದ ದಿನ ಮಕ್ಕಳ ಮಂಡಿಯ ಹಿಂಭಾಗ, ಕಂಕುಳು, ಕಿವಿಯ ಹಿಂದೆ ನೋಡಿ. ಕಚ್ಚಿದ ಜಾಗದ ಸುತ್ತ ಬಳೆಯ ಹಾಗೆ ಕೆಂಪಾದರೆ ಡಾಕ್ಟರ ಹತ್ತಿರ ಹೋಗಿ. ಬೇಗ ಹೋದರೆ ಮಾತ್ರೆಯಲ್ಲಿ ವಾಸಿಯಾಗುತ್ತದೆ. ಹಳ್ಳದ ದಂಡೆಯಲ್ಲಿ ಗುಲಾಬಿ ಹೂವಿನ ಎತ್ತರದ ಗಿಡ ಕಂಡಿತ್ತೇ? ಕಾಯಿ ಮುಟ್ಟಿದರೆ ಪಟ್ ಅಂತ ಸಿಡಿಯುವುದು? ಅದು ಹಿಮಾಲಯದಿಂದ 1839ರಲ್ಲಿ ತೋಟಕ್ಕೆಂದು ತಂದದ್ದು, ನಮ್ಮ ಕರ್ಣಕುಂಡಲದ ಬಳಗ. ಚೆಂದ ಅಂತ ಬಿಡಬೇಡಿ, ಬೀಜ ಕಟ್ಟುವ ಮೊದಲೇ ಕಿತ್ತುಹಾಕಬೇಕು. ಹಳ್ಳವನ್ನೇ ನುಂಗುತ್ತದೆ.

ಈಗ ಏನು ಮಾಡಬೇಕು ಅಂದರೆ, ಫೆಬ್ರವರಿಯಲ್ಲಿ, ಎರಡು ದಿನ ಮಳೆ ಹೊಡೆದ ಮೇಲೆ, ಗಮ್‌ಬೂಟ್ ಹಾಕಿಕೊಂಡು ಇನ್ನೊಮ್ಮೆ ಹೋಗಿ. ವೀಲ್ಡ್‌ನ ಜೇಡಿಮಣ್ಣು ಸೆಪ್ಟೆಂಬರಿನಲ್ಲಿ ಅಂಗಳದ ಹಾಗಿರುತ್ತದೆ, ಫೆಬ್ರವರಿಯಲ್ಲಿ ನಾಟಿ ಗದ್ದೆಯ ಹಾಗೆ. ಕಾರು ಎಲ್ಲಿಯವರೆಗೆ ಹೋಗುತ್ತದೆ, ಸೌದೆಯ ಟ್ರೈಲರ್ ಎಲ್ಲಿ ಹೂತುಕೊಳ್ಳುತ್ತದೆ ಅಂತ ಅವತ್ತೇ ಗೊತ್ತಾಗುವುದು. ಬುಡಸಮೇತ ಮಗುಚಿ ಬಿದ್ದ ದೊಡ್ಡ ಮರಗಳ ಬೇರಿನ ಗುಡ್ಡೆಗಳು ಒಂದೇ ದಿಕ್ಕಿಗೆ ಕಂಡರೆ, ಅವು 1987ರ ಅಕ್ಟೋಬರ್ ಬಿರುಗಾಳಿಯವು ಇರಬಹುದು. ಒಂದೇ ರಾತ್ರಿ ಒಂದೂವರೆ ಕೋಟಿ ಮರ ಬಿದ್ದವಂತೆ. ಅವುಗಳ ಪಕ್ಕ ಒಂದೇ ವಯಸ್ಸಿನ ಬರ್ಚ್ ಮರಗಳು ತಾವಾಗಿ ಎದ್ದಿರುತ್ತವೆ.

ಬೆಲೆಗೆ, ನಾನಾದರೆ 60,000ದಿಂದ ಮಾತು ಶುರು ಮಾಡುತ್ತಿದ್ದೆ. ರಸ್ತೆ ಬದಿಯ ಆಶ್ ಮರಗಳು ಇಪ್ಪತ್ತು ದಾಟಿದರೆ ಇನ್ನೂ ಕೆಳಗಿಂದ. ಅಥವಾ ಮಾರುವವರೇ ಕಡಿಸಿಕೊಡಲಿ ಅಂತ ಕೇಳಿ, ಕೆಲವರು ಒಪ್ಪುತ್ತಾರೆ. ದಾರಿಯ ಹಕ್ಕು ನಕ್ಷೆಯಲ್ಲಿ ಸರಿಯಾಗಿಲ್ಲದಿದ್ದರೆ 20,000ಕ್ಕೆ ಕೊಟ್ಟರೂ ಬೇಡ. ನಾಳೆ ಏಜೆಂಟರಿಗೆ ಫೋನ್ ಮಾಡಿದಾಗ ಮರದ ವಿಷಯ ಎತ್ತಬೇಡಿ. ಸೆಪ್ಟೆಂಬರಿನಲ್ಲಿ ನೀವು ಒಳಗೆ ಹೋದ ಗೇಟಿನ ಬೀಗದ ಕೀ ಯಾರ ಹತ್ತಿರ ಇರುತ್ತದೆ ಅಂತ ಮಾತ್ರ ಕೇಳಿ, ಅವರು ಹೇಳಿದ ಉತ್ತರವನ್ನು ಹಾಗೇ ನನಗೆ ಬರೆದು ಕಳಿಸಿ.